ಜರ್ಮನ್ ಸೇನಾಧಿಕಾರಿಯ ಬಾಕು (1935ರ ಮಾದರಿ): ಅಸಲಿ ಗುರುತಿಸುವುದು ಹೇಗೆ?

ಪ್ರಶ್ನೆ: ಮಾರಾಟಕ್ಕಿರುವ ಒಂದು ಬಾಕುವಿನ ಹಿಡಿ ಕಿತ್ತಳೆ ಬಣ್ಣದ್ದು, ಅಲಗಿನ ಮೇಲೆ ಬಾಕು ತಯಾರಕ ಐಕ್‌ಹಾರ್ನ್ ಕಂಪನಿಯ ಅಳಿಲಿನ ಮುದ್ರೆ ಇದೆ. ಮುದ್ರೆ ನಂಬಿ ಕೊಳ್ಳಬಹುದೇ?

ಉತ್ತರ 1: ಮುದ್ರೆಯನ್ನು ಕೊನೆಗೆ ನೋಡಿ, ನಕಲು ಮಾಡುವವರು ಮೊದಲು ಹಾಕುವುದೇ ಅದನ್ನು. ಬಿಚ್ಚಿ ತೋರಿಸಲು ಕೇಳಿ. ಹಿಡಿಯ ತುದಿಯ ಗುಂಡಿಗೆ ಬಟ್ಟೆ ಸುತ್ತಿ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ, ಇಕ್ಕಳ ಬೇಡ. ಒಳಗಿನ ಉಕ್ಕಿನ ಬಾಲಕ್ಕೆ (ಹಿಡಿಯೊಳಗೆ ಹೋಗುವ ಅಲಗಿನ ಭಾಗ) ಹಳೆಯ ಕಂದು ಛಾಯೆ ಇರಬೇಕು. ಹಿಡಿ ಮತ್ತು ಅಲಗಿನ ನಡುವಿನ ಅಡ್ಡಪಟ್ಟಿಯ ಹದ್ದಿನ ಗರಿಗಳನ್ನು ಭೂತಗನ್ನಡಿಯಲ್ಲಿ ನೋಡಿ: ಗೆರೆ ಮೊಂಡಾಗಿದ್ದು, ನಡುವೆ ಗಾಳಿಗುಳ್ಳೆಯ ಗುಳಿಗಳಿದ್ದರೆ ಅಗ್ಗದ ಎರಕದ ನಕಲು. ಆದರೆ ಲೇಪನ ಸವೆದು ಬೂದು ಸತು ಇಣುಕಿದರೆ ತಳ್ಳಿಹಾಕಬೇಡಿ, ನಂತರದ ವರ್ಷಗಳಲ್ಲಿ ಜರ್ಮನಿಯ ಕತ್ತಿ-ಚಾಕುಗಳ ಊರು ಸೋಲಿಂಗನ್‌ನ ತಯಾರಕರು ಸತುಮಿಶ್ರ ಲೋಹವನ್ನೇ ಬಳಸಿದರು.

ಉತ್ತರ 2: ಹಿಡಿಯ ಬಣ್ಣ ಬಿಳಿಯಿಂದ ಕಡು ಕಿತ್ತಳೆವರೆಗೂ ಸಿಗುತ್ತದೆ. ಹಿಡಿ ಸೆಲ್ಯುಲಾಯ್ಡ್ (ಹಳೆಯ ಬಗೆಯ ಪ್ಲಾಸ್ಟಿಕ್) ಆಗಿದ್ದರೆ ಬೆರಳಿಂದ ಬಿರುಸಾಗಿ ಉಜ್ಜಿದಾಗ ಕರ್ಪೂರದ ವಾಸನೆ ಬರುತ್ತದೆ. ಕಾದ ಸೂಜಿ ಚುಚ್ಚುವ ಪರೀಕ್ಷೆ ಖಂಡಿತ ಬೇಡ, ಧಗ್ಗನೆ ಹೊತ್ತಿಕೊಳ್ಳುವ ವಸ್ತು ಅದು.

ಉತ್ತರ 3: ಕೊಂಡ ಮೇಲೆ ಬ್ರಾಸೋ ಹಚ್ಚಿ ಹೊಳಪಿಸಬೇಡಿ. ಲೇಪನ ಹೋದರೆ ಬೆಲೆಯೂ ಹೋಯಿತು. ಗಾಳಿಯಾಡದ ಪೆಟ್ಟಿಗೆಯೂ ಕೆಟ್ಟದ್ದು: ಹಳೆಯ ಸೆಲ್ಯುಲಾಯ್ಡ್ ಬಿಡುವ ಆಮ್ಲೀಯ ಆವಿ ಪಕ್ಕದ ಲೋಹವನ್ನು ತಿನ್ನುತ್ತದೆ. ಅಲಗಿಗೆ ತೆಳುವಾಗಿ ಮೇಣ ಸವರಿದರೆ ಸಾಕು.