ಇಲಿಯಡ್ ಅನ್ನು 160 ಪುಟದ ಗ್ರಾಫಿಕ್ ಕಾದಂಬರಿಗೆ ಇಳಿಸುವುದು ಹೇಗೆ?

ಮಸಿಕುಡಿಕೆ (ಪ್ರಶ್ನೆ):
ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್‌ನ 24 ಸರ್ಗಗಳು 160 ಪುಟಗಳಲ್ಲಿ ಬರಬೇಕು. ಒಟ್ಟು ಸುಮಾರು 15,700 ಸಾಲು. ಪುಟಕ್ಕೆ ಐದು ಚೌಕಟ್ಟು ಅಂದುಕೊಂಡರೂ ಒಂದೊಂದರ ಮೇಲೆ ಹತ್ತಿರಹತ್ತಿರ 20 ಸಾಲಿನ ಭಾರ ಬೀಳುತ್ತದೆ. ಮೊದಲ ಸರ್ಗದ ಕಚ್ಚಾ ಪುಟಗಳೇ 22 ಆಗಿವೆ. ಇದೇ ಲೆಕ್ಕದಲ್ಲಿ ಹೋದರೆ 500 ದಾಟುತ್ತದೆ. ಏನನ್ನು ಬಿಡಬೇಕು? ಗ್ರೀಕ್ ಪಡೆಗಳನ್ನೆಲ್ಲ ಹೆಸರಿಸುವ ಹಡಗುಗಳ ಪಟ್ಟಿ, ಉದ್ದುದ್ದ ಉಪಮೆಗಳು, ನಡುನಡುವೆ ಇಳಿದು ಬರುವ ದೇವತೆಗಳು, ಇವನ್ನೆಲ್ಲ ಚಿತ್ರದಲ್ಲಿ ಹೇಗೆ ನಿಭಾಯಿಸುವುದು?

ಪುಟಲೆಕ್ಕ:
ಸರ್ಗಗಳಿಗೆ ಪುಟಗಳನ್ನು ಸಮನಾಗಿ ಹಂಚಬೇಡಿ, ಎಡವುವುದೇ ಅಲ್ಲಿ. ಕಾವ್ಯದ ಮೊದಲ ಪದ ‘ಮೇನಿಸ್’, ಅಂದರೆ ಕ್ರೋಧ, ಗ್ರೀಕ್ ವೀರ ಅಕಿಲಿಸನ ಕ್ರೋಧ. ಇದು ಟ್ರಾಯ್ ಯುದ್ಧದ ಪೂರ್ತಿ ಕಥೆಯಲ್ಲ, ಹತ್ತನೇ ವರ್ಷದ ಕೆಲವು ವಾರಗಳದ್ದು. ಮರದ ಕುದುರೆಯೂ ಇಲ್ಲಿಲ್ಲ, ಅಕಿಲಿಸನ ಹಿಮ್ಮಡಿಗೆ ತಾಗುವ ಬಾಣವೂ ಇಲ್ಲ. ಓದುಗರು ಕೇಳುತ್ತಾರೆಂದು ಅವನ್ನು ತುರುಕಿದರೆ ಟ್ರಾಯ್ ರಾಜಕುಮಾರ ಹೆಕ್ಟರನ ಅಂತ್ಯಕ್ರಿಯೆಯಲ್ಲಿ ನಿಲ್ಲುವ ಕೃತಿಯ ತೂಕವೇ ಹೋಗುತ್ತದೆ.

ಆ ಕೋಪ ಹುಟ್ಟುವ, ದಿಕ್ಕು ಬದಲಿಸುವ, ಇಳಿಯುವ ಸರ್ಗಗಳು 1, 9, 16, 18, 22, 24. ಇವಕ್ಕೆ ಕ್ರಮವಾಗಿ 16, 12, 20, 10, 18, 20 ಪುಟ ಕೊಡಿ. ಹೆಕ್ಟರ್ ಯಾರೆಂದು ತಿಳಿಯಬೇಕಾದರೆ 6ನೇ ಸರ್ಗ ಬೇಕೇ ಬೇಕು, ಅದಕ್ಕೆ 10. ಒಟ್ಟು 106 ಆಯಿತು. ಬಾಕಿ 17 ಸರ್ಗಗಳು 54 ಪುಟಗಳಲ್ಲಿ ಮುಗಿಯಲಿ.

ಹಡಗುಗಳ ಪಟ್ಟಿಯಲ್ಲಿ 29 ಪಡೆಗಳು, 1,186 ಹಡಗುಗಳು ಬರುತ್ತವೆ. ಹೆಸರುಗಳನ್ನು ಬರೆಯುತ್ತ ಕೂರದೆ, ಎದುರುಬದುರು ಎರಡು ಪುಟ ತುಂಬುವ ಒಂದೇ ಚಿತ್ರ ಮಾಡಿ: ದಡಕ್ಕೆ ಎಳೆದಿಟ್ಟ ಹಡಗುಗಳ ಸಾಲು, ನಡುವೆ ಒಡಿಸ್ಸಿಯಸ್, ಒಂದು ತುದಿಗೆ ಅಜಾಕ್ಸ್, ಇನ್ನೊಂದು ತುದಿಗೆ ಅಕಿಲಿಸ್. 8 ಮತ್ತು 11ನೇ ಸರ್ಗಗಳಲ್ಲಿ ಹೋಮರನೇ ಹೇಳುವ ಜಾಗಗಳಿವು. ಮುಂದೆ ಮುನಿದು ಯುದ್ಧ ಬಿಟ್ಟ ಅಕಿಲಿಸ್ ತನ್ನ ಹಡಗಿನ ಹಿಂಭಾಗದಲ್ಲಿ ನಿಂತು ಸೋಲುತ್ತಿರುವ ಪಡೆಯನ್ನು ನೋಡುವಾಗ, ಅವನು ಎಷ್ಟು ದೂರ ಉಳಿದಿದ್ದಾನೆಂದು ಮಾತಿಲ್ಲದೆ ಗೊತ್ತಾಗುತ್ತದೆ.

ಕಂಚಿನಗುರಾಣಿ:
ಪುಟಕ್ಕಿಂತ ಮೊದಲು ಕವಚಗಳನ್ನು ತೀರ್ಮಾನಿಸಿ. ಎಲ್ಲರಿಗೂ ಮುಖ ಮುಚ್ಚುವ ಕೊರಿಂಥಿಯನ್ ಶಿರಸ್ತ್ರಾಣ ತೊಡಿಸುವುದು ಸಾಮಾನ್ಯ ತಪ್ಪು. ಅದು ಕಂಚಿನ ಯುಗದ್ದಲ್ಲ; ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಕಣ್ಣು, ಬಾಯಿ ಕಾಣದೆ ಯಾರು ಯಾರೆಂದು ತಿಳಿಯುವುದಿಲ್ಲ. 10ನೇ ಸರ್ಗದಲ್ಲಿ ಬರುವ ಕಾಡುಹಂದಿಯ ಕೋರೆಗಳ ಶಿರಸ್ತ್ರಾಣ ಮುಖವನ್ನು ತೆರೆದಿಡುತ್ತದೆ, ಅಂಥವು ಕಂಚಿನ ಯುಗದ ಗ್ರೀಸಿನ ಮೈಸಿನಿಯನ್ ಸಮಾಧಿಗಳಲ್ಲಿ ಸಿಕ್ಕಿಯೂ ಇವೆ.

ಹೆಚ್ಚು ಎಚ್ಚರ ಬೇಕಾದ್ದು ಅಕಿಲಿಸನ ಹಳೆಯ ಕವಚಕ್ಕೆ. ಮೊದಲು ಅವನದು, 16ರಲ್ಲಿ ಗೆಳೆಯ ಪೆಟ್ರೋಕ್ಲಸ್ ತೊಡುತ್ತಾನೆ, 17ರಲ್ಲಿ ಅವನನ್ನು ಕೊಂದ ಹೆಕ್ಟರ್. 22ರಲ್ಲಿ ಅಕಿಲಿಸ್ ಈಟಿ ತೂರಿಸುವುದು ಆ ಕವಚ ಮುಚ್ಚದ ಕಡೆ, ಕುತ್ತಿಗೆ ಹೆಗಲಿಗೆ ಸೇರುವಲ್ಲಿ. ಹಾಗಾಗಿ ಮೊದಲ ಪುಟಗಳಿಂದಲೇ ಕವಚಕ್ಕೊಂದು ಎದ್ದು ಕಾಣುವ ಗುರುತು ಕೊಡಿ, ಕಂಠದ ಆ ಸಂದನ್ನೂ ಬರೆಯಿರಿ. ಕಮ್ಮಾರ ದೇವತೆ ಹೆಫೇಸ್ಟಸ್ ಮಾಡಿಕೊಡುವ ಹೊಸ ಕವಚಕ್ಕೆ ಬೇರೆಯದೇ ಬಣ್ಣ ಇರಲಿ. ಇದು ತಪ್ಪಿದರೆ 22ರಲ್ಲಿ ಅಕಿಲಿಸ್ ಕೊಲ್ಲುತ್ತಿರುವುದು ತನ್ನದೇ ಉಡುಪು ತೊಟ್ಟವನನ್ನು ಎಂಬುದು ಯಾರಿಗೂ ಹೊಳೆಯುವುದಿಲ್ಲ.

6ನೇ ಸರ್ಗದಲ್ಲಿ ಅಪ್ಪ ಹೆಕ್ಟರನ ಶಿರಸ್ತ್ರಾಣದ ಕುದುರೆಗೂದಲ ಜುಟ್ಟು ಕಂಡು ಮಗು ಹೆದರಿ ದಾದಿಯ ಎದೆಗೆ ಮುಖ ಹುದುಗಿಸುತ್ತದೆ. ಆ ಒಂದು ಚೌಕಟ್ಟು ಮಗುವಿನ ಕಣ್ಣಿನ ಮಟ್ಟದಿಂದಿರಲಿ, ಜುಟ್ಟು ಮೇಲಂಚನ್ನು ದಾಟಿ ಹೊರಬರಲಿ. ಮುಂದಿನದರಲ್ಲಿ ಶಿರಸ್ತ್ರಾಣ ನೆಲದ ಮೇಲೆ.

ಒತ್ತಕ್ಷರ:
ಉಪಮೆಗಳಲ್ಲಿ ಬಣ್ಣ ಅಥವಾ ಆಕಾರ ಕೊಡುವಂಥವನ್ನು ಮಾತ್ರ ಇಟ್ಟುಕೊಳ್ಳಿ. ಉದಾಹರಣೆಗೆ 4ನೇ ಸರ್ಗ: ಗಾಯಗೊಂಡ ಗ್ರೀಕ್ ರಾಜ ಮೆನೆಲಾಸನ ತೊಡೆಯ ಮೇಲೆ ರಕ್ತ ಹರಿಯುವುದು ಹೆಂಗಸೊಬ್ಬಳು ದಂತಕ್ಕೆ ಕೆಂಬಣ್ಣ ಹಚ್ಚಿದಂತೆ. ತೊಡೆಯ ಬಾಗನ್ನೇ ದಂತದ ಬಾಗಾಗಿಸಿ ಅಕ್ಕಪಕ್ಕ ಇಟ್ಟರೆ ‘ಅಂತೆ’ ಎಂಬ ಪದವೇ ಬೇಡ. ಉಪಮೆಯ ಚೌಕಟ್ಟಿಗೆ ಅಂಚುಗೆರೆ ಹಾಕಬೇಡಿ, ಹಾಕಿದರೆ ರಣರಂಗಕ್ಕೆ ನಿಜವಾಗಿಯೇ ಸಿಂಹ ನುಗ್ಗಿತು ಅಂದುಕೊಳ್ಳುತ್ತಾರೆ.

ದೇವತೆಗಳ ವಿಷಯಕ್ಕೆ ದಾರಿ ಮೊದಲ ಸರ್ಗದಲ್ಲೇ ಇದೆ. ಅಥೇನಾ ಹಿಂದಿನಿಂದ ಅಕಿಲಿಸನ ಕೂದಲು ಹಿಡಿಯುತ್ತಾಳೆ. ಅವಳು ಕಾಣುವುದು ಅವನೊಬ್ಬನಿಗೇ. ಒಂದೇ ಕ್ಷಣವನ್ನು ಎರಡು ಸಲ ಬರೆಯಿರಿ: ಅವನ ಕಡೆಯಿಂದ ಅವಳಿದ್ದಾಳೆ, ಸಭೆಯ ಕಡೆಯಿಂದ ಅವನ ತಲೆ ಹಿಂದಕ್ಕೆ ಬಾಗಿದೆ ಅಷ್ಟೆ.

ಅಕ್ಷರ ಕೂರಿಸುವಾಗ ಮಾತಿನ ಗುಳ್ಳೆಯೊಂದಕ್ಕೆ 12–15 ಪದ ಸಾಕು. ‘ಪೆಟ್ರೋಕ್ಲಸ್’, ‘ಆಂಡ್ರೊಮಕಿ’ಯಂಥ ಹೆಸರುಗಳ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ; ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆಯ್ದುಕೊಳ್ಳದಿದ್ದರೆ ಒತ್ತಕ್ಷರ ಒಡೆಯುತ್ತದೆ. ಇನ್ನೊಂದು ಮಾತು: ಹೋಮರನ ಮೂಲಕ್ಕೆ ಹಕ್ಕುಸ್ವಾಮ್ಯವಿಲ್ಲ, ಹೊಸ ಅನುವಾದಗಳಿಗೆ ಇದೆ. ಸಂಭಾಷಣೆಯನ್ನು ಅವುಗಳಿಂದ ಎತ್ತಿಕೊಳ್ಳಬೇಡಿ.

ಪುಟಲೆಕ್ಕ:
ಒತ್ತಕ್ಷರ ಹೇಳಿದ್ದಕ್ಕೆ ಒಂದು ಸೇರ್ಪಡೆ. ಅಂಚೆಚೀಟಿಯಷ್ಟು ಚಿಕ್ಕದಾಗಿ 160 ಪುಟವನ್ನೂ ಮೊದಲು ಗೀಚಿ, ಪುಟ ತಿರುಗಿಸುವ ಜಾಗಗಳನ್ನು ಗುರುತು ಹಾಕಿಕೊಳ್ಳಿ. 24ನೇ ಸರ್ಗದಲ್ಲಿ ಹೆಕ್ಟರನ ತಂದೆ ಪ್ರಿಯಾಮ್ ಯಾರ ಕಣ್ಣಿಗೂ ಬೀಳದೆ ಅಕಿಲಿಸನ ಬಿಡಾರದ ಒಳಗೆ ಬರುತ್ತಾನೆ. ಅದು ಬಲಪುಟದ ಕೊನೆಯ ಚೌಕಟ್ಟಾಗಲಿ. ತಿರುಗಿಸಿದೊಡನೆ ಎಡಪುಟದಲ್ಲಿ ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಅವನು ಮುತ್ತಿಡುತ್ತಿರಲಿ. ಪುಟದ ತುಂಬ ಆ ಕೈಗಳು, ಒಂದೂ ಗುಳ್ಳೆ ಬೇಡ.