ಮೊದಲ ಕ್ರೂಸ್‌ಗೆ ಯಾವ ಹಡಗು? ಜತೆಗೆ ಊರಿಂದ ಬಂದ ಅಪ್ಪ ಅಮ್ಮ, ಎರಡೂವರೆ ವರ್ಷದ ಮಗು

ಪ್ರಶ್ನೆ (ಆಸ್ಟಿನ್, ಊರು ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಗ್ಗಿ ಮುಗಿಸಿ ಮಾರ್ಚ್ ಕೊನೆಗೆ ಅಪ್ಪ ಅಮ್ಮ ಬರ್ತಿದ್ದಾರೆ. ಮಳೆ ಹಿಡಿಯೋ ಮುಂಚೆ ಅಡಿಕೆ ಗೊನೆಗೆ ಔಷಧಿ ಹೊಡೆಸಬೇಕು ಅಂತ ಜೂನ್ ಹೊತ್ತಿಗೆ ವಾಪಸ್. ಅಪ್ಪನಿಗೆ 71, ಅಮ್ಮನಿಗೆ 66, ಮಂಡಿನೋವಿದೆ. ಮಕ್ಕಳಿಗೆ 7 ಮತ್ತು ಎರಡೂವರೆ. ಇಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಕ್ರೂಸ್ ಹೋಗೋ ಆಸೆ. ಆರು ಜನಕ್ಕೂ ಇದೇ ಮೊದಲು. ಹಿರಿಯರು ಹತ್ತಿರೋದು ಶರಾವತಿ ಹಿನ್ನೀರಿನ ಹೊಳೆಬಾಗಿಲಿನ ಲಾಂಚ್ ಒಂದೇ. ಶುದ್ಧ ಸಸ್ಯಾಹಾರಿಗಳು. ದೊಡ್ಡ ಹೊಸ ಹಡಗು ಒಳ್ಳೆಯದಾ, ಸ್ವಲ್ಪ ಹಳೆಯದು ಸಾಕಾ?

ಉತ್ತರ (ಹ್ಯೂಸ್ಟನ್, ಊರು ಸಾಗರ)

ಹಡಗಿಗಿಂತ ಮೊದಲು ತಾರೀಖು ನೋಡಿ. ಅಪ್ಪನ ತೋಟದ ಲೆಕ್ಕವೂ ಗ್ಯಾಲ್ವೆಸ್ಟನ್ ಹವೆಯ ಲೆಕ್ಕವೂ ನಿಮಗೆ ಚೆನ್ನಾಗಿ ಕೂಡಿಬಂದಿದೆ. ಚಳಿಗಾಲದಿಂದ ಮಾರ್ಚ್ ತನಕ ಅಲ್ಲಿ ದಟ್ಟ ಮಂಜು ಕೂತರೆ ಬಂದರಿನ ದಾರಿಯನ್ನೇ ಮುಚ್ಚಿಬಿಡ್ತಾರೆ, ಹಡಗು ಒಳಗೆ ಬರೋಕಾಗದೆ ಹೊರಗೆ ಕಾಯುತ್ತೆ. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ. ಆಗ ಹಡಗು ದಾರಿ ಬದಲಿಸುತ್ತೆ, ಬಂದರು ತಪ್ಪಿಸುತ್ತೆ. ಏಪ್ರಿಲ್ ಮಧ್ಯದಿಂದ ಮೇ ಮಧ್ಯ ಇವೆರಡರ ನಡುವಿನ ಸಮಯ. ದೊಡ್ಡ ಮಗುವಿಗೆ ಮೂರ್ನಾಲ್ಕು ದಿನ ಶಾಲೆ ತಪ್ಪುತ್ತೆ, ಆದರೆ ಮೇ ಕೊನೆಯ ಮೆಮೋರಿಯಲ್ ಡೇ ರಜೆ ವಾರದ ದರವೂ ಜನಜಂಗುಳಿಯೂ ತಪ್ಪುತ್ತೆ.

ಏಳು ರಾತ್ರಿ ಬೇಡ. ನಾಲ್ಕೋ ಐದೋ ರಾತ್ರಿ ಸಾಕು. ಹಡಗು ನಿಲ್ಲೋ ಬಂದರುಗಳಾದ ಕೊಝುಮೆಲ್, ಪ್ರೊಗ್ರೆಸೊ, ಕೋಸ್ಟಾ ಮಾಯಾ, ಮೂರೂ ಮೆಕ್ಸಿಕೊದವು. ಚಾಲ್ತಿಯಲ್ಲಿರೋ ಅಮೆರಿಕ ವೀಸಾ ಇದ್ದರೆ ಭಾರತದ ಪಾಸ್‌ಪೋರ್ಟಿಗೆ ಮೆಕ್ಸಿಕೊ ಬೇರೆ ವೀಸಾ ಕೇಳಲ್ಲ. ಈ ಮೂರರಲ್ಲೂ ಹಡಗು ದಕ್ಕೆಗೇ ತಾಗಿ ನಿಲ್ಲುತ್ತೆ, ಅಮ್ಮ ಹಲಗೆ ಮೇಲೆ ನಡೆದೇ ಇಳಿಯಬಹುದು. ಗ್ರ್ಯಾಂಡ್ ಕೇಮನ್, ಬೆಲೀಜ್ ಸಿಟಿಗಳಲ್ಲಿ ಹಾಗಲ್ಲ: ಹಡಗು ದೂರದಲ್ಲಿ ಲಂಗರು ಹಾಕುತ್ತೆ, ಅಲುಗಾಡೋ ಸಣ್ಣ ದೋಣಿಗೆ (ಟೆಂಡರ್) ಕಾಲಿಡಬೇಕು. ಮಂಡಿನೋವಿನವರಿಗೆ ಅದು ಕಷ್ಟ. ವೇಳಾಪಟ್ಟಿಯಲ್ಲಿ 'ಟೆಂಡರ್' ಅಂತ ಬರೆದಿರೋ ಬಂದರು ಕಂಡರೆ ಆ ಪ್ರಯಾಣ ಬಿಡಿ.

ಈಗ ಹಡಗು. ಕಾರ್ನಿವಲ್ ಕಂಪನಿಯ ಕಾರ್ನಿವಲ್ ಜೂಬಿಲಿ (2023ರಲ್ಲಿ ಶುರುವಾದದ್ದು) 344 ಮೀಟರ್ ಉದ್ದ, ರಾಯಲ್ ಕೆರಿಬಿಯನ್ ಕಂಪನಿಯ ಐಕಾನ್ ಆಫ್ ದ ಸೀಸ್ (2024) ಸುಮಾರು 365. ನಮ್ಮ ಜೋಗ 253 ಮೀಟರ್. ಅದನ್ನ ಮಲಗಿಸಿ ಇನ್ನೂ ನೂರು ಮೀಟರ್ ಸೇರಿಸಿದಷ್ಟು ಉದ್ದದ ಓಣಿ! ಕ್ಯಾಬಿನ್ ಒಂದು ತುದಿಗೆ, ಊಟದ ಹಾಲ್ ಇನ್ನೊಂದು ತುದಿಗೆ ಬಿದ್ದರೆ ಅಮ್ಮ ದಿನಕ್ಕೆ ಮೂರು ಸಲ ಇಷ್ಟು ದೂರ ನಡೀಬೇಕು. ಕಾರ್ನಿವಲ್ ಬ್ರೀಜ್ (2012) ಥರದ ಮಧ್ಯಮ ಹಡಗು 306 ಮೀಟರ್. ನೀರಿನ ಜಾರುಬಂಡಿ, ಮಕ್ಕಳ ಕ್ಲಬ್, ಥಿಯೇಟರ್ ಎಲ್ಲಾ ಅದರಲ್ಲೂ ಇದೆ. ಹೊಚ್ಚ ಹೊಸ ಹಡಗುಗಳನ್ನ ಸಾಮಾನ್ಯವಾಗಿ ಏಳು ರಾತ್ರಿಗೆ ಬಿಡ್ತಾರೆ, ನಾಲ್ಕೈದು ರಾತ್ರಿಗೆ ಸಿಗೋದು ಇಂಥವೇ. ನಿಮಗೆ ಅದೇ ಸರಿ.

ನಿಮ್ಮ ವಿಷಯದಲ್ಲಿ ಕೊನೆಗೆ ತೀರ್ಮಾನ ಮಾಡೋದು ಎರಡೂವರೆ ವರ್ಷದ ಮಗು. ರಾಯಲ್ ಕೆರಿಬಿಯನ್‌ನಲ್ಲಿ ಉಚಿತ ಮಕ್ಕಳ ಕ್ಲಬ್ ಶುರುವಾಗೋದು 3 ವರ್ಷಕ್ಕೆ, ಅದೂ ಡೈಪರ್ ಬಿಟ್ಟಿರಬೇಕು. ಅದಕ್ಕಿಂತ ಚಿಕ್ಕವರಿಗೆ ನರ್ಸರಿ, ಗಂಟೆ ಲೆಕ್ಕದಲ್ಲಿ ದುಡ್ಡು. ಕಾರ್ನಿವಲ್‌ನ ಮಕ್ಕಳ ಕ್ಲಬ್ ಕ್ಯಾಂಪ್ ಓಷನ್ 2 ವರ್ಷದಿಂದಲೇ ಸೇರಿಸಿಕೊಳ್ಳುತ್ತೆ. ವಯಸ್ಸನ್ನ ಹಡಗು ಹೊರಡೋ ದಿನಕ್ಕೆ ಲೆಕ್ಕ ಹಾಕ್ತಾರೆ, ಒಂದು ವಾರ ಕಮ್ಮಿ ಇದ್ದರೂ ಬಿಡಲ್ಲ. ಇನ್ನೊಂದು: ಡೈಪರ್ ಬಿಡದ ಮಗುವನ್ನ ಈಜುಕೊಳಕ್ಕೆ ಇಳಿಸಲ್ಲ, ಸ್ವಿಮ್ ಡೈಪರ್ ಹಾಕಿದ್ದರೂ ಇಲ್ಲ. ಒಂದು ಮಗುವಿನಿಂದ ನೀರು ಕೆಟ್ಟರೆ ಇಡೀ ಕೊಳ ಮುಚ್ಚಿ ಶುದ್ಧ ಮಾಡಬೇಕಾಗುತ್ತೆ, ಅದಕ್ಕೇ ಈ ನಿಯಮ. ಚಿಕ್ಕವರಿಗೆ ಬೇರೆಯಾಗಿ ನೀರು ಚಿಮ್ಮೋ ಜಾಗ ಇದೆಯಾ ಅಂತ ಆ ಹಡಗಿನ ಹೆಸರು ಹೇಳಿಯೇ ಕೇಳಿ. ಒಂದೇ ಕಂಪನಿಯ ಒಂದರಲ್ಲಿ ಇರುತ್ತೆ, ಇನ್ನೊಂದರಲ್ಲಿ ಇರಲ್ಲ. ಇದನ್ನ ಹತ್ತಿದ ಮೇಲೆ ತಿಳಿದುಕೊಂಡರೆ ಮಗುವನ್ನ ಸಮಾಧಾನ ಮಾಡೋದು ಕಷ್ಟ.

ಬುಕ್ ಮಾಡೋ ಮುಂಚೆ ಡೆಕ್ ಪ್ಲಾನ್ (ಹಡಗಿನ ಮಹಡಿಗಳ ನಕ್ಷೆ) ತೆಗೆದು ಮೂರು ಮಹಡಿ ಒಟ್ಟಿಗೆ ನೋಡಿ: ನಿಮ್ಮದು, ಮೇಲಿನದು, ಕೆಳಗಿನದು. ಮೇಲೂ ಕೆಳಗೂ ಕ್ಯಾಬಿನ್ನೇ ಇರಬೇಕು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವಕ್ಕೇ ಕುರ್ಚಿ ಎಳೆಯೋ ಸದ್ದು, ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ಡ್ರಮ್ಮು. ಲಿಫ್ಟಿಗೆ ಆರೇಳು ಬಾಗಿಲು ದೂರ ಸಾಕು, ಎದುರೇ ಬೇಡ. ಆರು ಜನಕ್ಕೆ ಎರಡು ಕ್ಯಾಬಿನ್, ನಡುವೆ ಬಾಗಿಲಿರೋ ಕನೆಕ್ಟಿಂಗ್ ಕೇಳಿ. 'ಪಕ್ಕಪಕ್ಕ' ಅಂದರೆ ಕನೆಕ್ಟಿಂಗ್ ಅಲ್ಲ, ಬಹಳ ಜನ ಇಲ್ಲೇ ಎಡವೋದು. ದರ ತೋರಿಸೋದು ಕ್ಯಾಬಿನ್‌ಗೆ ಇಬ್ಬರ ಲೆಕ್ಕದಲ್ಲಿ, ಮೂರನೆಯವರಿಗೆ ಕಮ್ಮಿ ಬೀಳುತ್ತೆ. ಹಾಗಾಗಿ 4+2, 3+3 ಎರಡೂ ಹಾಕಿ ನೋಡಿ. ನಾಲ್ಕು ಹಾಸಿಗೆ ಇದ್ದರೂ ಕೆಲವು ಸಲ ಮೂವರಿಗೇ ಕೊಡ್ತಾರೆ. ಆ ಭಾಗದ ಲೈಫ್‌ಬೋಟಿನ ಜಾಗ ಭರ್ತಿಯಾಗಿರುತ್ತೆ, ವಾದ ಮಾಡಿ ಪ್ರಯೋಜನ ಇಲ್ಲ.

ಬಚ್ಚಲಿನ ವಿಷಯ ಯಾರೂ ಹೇಳಲ್ಲ. ಕ್ಯಾಬಿನ್‌ನ ಬಚ್ಚಲ ಬಾಗಿಲಿಗೆ ನಮ್ಮ ಹಳೇ ಮನೆಗಳ ಹಾಗೆ ಎತ್ತರದ ಹೊಸ್ತಿಲು ಇರುತ್ತೆ, ನೀರು ಹೊರಗೆ ಬರದಿರಲಿ ಅಂತ. ಕಿಟಕಿ ಇಲ್ಲದ ಕ್ಯಾಬಿನ್‌ನಲ್ಲಿ ದೀಪ ಆರಿಸಿದರೆ ಕಣ್ಣಿಗೆ ಕೈಯೂ ಕಾಣಲ್ಲ. ರಾತ್ರಿ ಎದ್ದ ಹಿರಿಯರು ಬೀಳೋದು ಅಲ್ಲೇ. ಬ್ಯಾಟರಿಯ ಸಣ್ಣ ರಾತ್ರಿದೀಪ ಒಂದನ್ನ ಹೊಸ್ತಿಲ ಪಕ್ಕ ಇಡಿ. ಬಾಲ್ಕನಿ ಕ್ಯಾಬಿನ್ ತಗೊಂಡರೆ ಕುರ್ಚಿಯನ್ನ ಕಂಬಿ ಹತ್ತಿರ ಬಿಡಬೇಡಿ, ಮಗು ಹತ್ತುತ್ತೆ.

ಸೇರಿಸೋದು (ಡಲ್ಲಾಸ್, ಊರು ಹೊಸನಗರ)

ಸಾಗರದ ಅಣ್ಣ ಹಡಗಿನದು ಸರಿಯಾಗಿ ಹೇಳಿದ್ದಾರೆ. ಊಟದ್ದು ನಾನು ಹೇಳ್ತೀನಿ. ಮುಖ್ಯ ಡೈನಿಂಗ್ ಹಾಲ್‌ನಲ್ಲಿ ಭಾರತೀಯ ಸಸ್ಯಾಹಾರ ಸಿಗುತ್ತೆ: ದಾಲ್, ಪನೀರ್, ಅನ್ನ, ಚಪಾತಿ. ಮೊದಲ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಿದರೆ ಮರುದಿನದಿಂದ ಮಾಡಿಕೊಡ್ತಾರೆ. ಅಡುಗೆಮನೆಯಲ್ಲಿ ನಮ್ಮ ದೇಶದವರು ಬಹಳ ಜನ ಇರ್ತಾರೆ. 'ವೆಜಿಟೇರಿಯನ್' ಅಂದರೆ ಸಾಲದು, ಮೊಟ್ಟೆ ಬೇಡ, ಮಾಂಸದ ಸ್ಟಾಕ್ ಹಾಕಿದ ಸೂಪ್ ಬೇಡ ಅಂತ ಬಿಡಿಸಿ ಹೇಳಿ. ಸಾರು, ತಂಬುಳಿ ನಿರೀಕ್ಷೆ ಬೇಡ. ಬೆಳಿಗ್ಗೆ ಬಫೆಯಲ್ಲಿ ಸಿಹಿ ಹಾಕದ ಮೊಸರು ಇರುತ್ತೆ, ಬಿಳಿ ಅನ್ನ ಕೇಳಿದರೆ ಕೊಡ್ತಾರೆ, ಅಪ್ಪನಿಗೆ ಮೊಸರನ್ನವಾದರೂ ಆಗುತ್ತೆ. ಮನೇಲಿ ಮಾಡಿದ ತಿಂಡಿ ಹತ್ತಿಸಲ್ಲ. ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಅಂಗಡಿ ಸೀಲ್ ಇರೋದನ್ನೇ ತಗೊಳ್ಳಿ. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಬೆಂಕಿ ಭಯಕ್ಕೆ ನಿಷಿದ್ಧ, ಸ್ಕ್ಯಾನ್‌ನಲ್ಲಿ ಕಂಡರೆ ಎತ್ತಿಡ್ತಾರೆ.

ಟಿಪ್ಸ್ ಮಕ್ಕಳಿಗೂ ಸೇರಿಸಿ ತಲೆಗೆ ದಿನಕ್ಕೆ 17 ಡಾಲರ್ ಆಸುಪಾಸು: ಆರು ಜನ, ಐದು ರಾತ್ರಿ ಅಂದರೆ 510. ಜಾಹೀರಾತಿನ ದರದಲ್ಲಿ ಇದೂ ಇಲ್ಲ, ವೈಫೈ, ಪಾರ್ಕಿಂಗೂ ಇಲ್ಲ. ಹತ್ತಿದ ಕೂಡಲೇ ಅಪ್ಪ ಅಮ್ಮನ ಫೋನು ಏರೋಪ್ಲೇನ್ ಮೋಡ್‌ಗೆ ಹಾಕಿ, ಸಮುದ್ರದ ಮಧ್ಯೆ ರೋಮಿಂಗ್ ಬಿಲ್ ವಿಪರೀತ ಬರುತ್ತೆ. ಅವರ ವಿಸಿಟರ್ ಇನ್ಶೂರೆನ್ಸ್ ಅಮೆರಿಕದ ಹೊರಗೆ, ಹಡಗಿನ ಮೇಲೆ ನಡೆಯುತ್ತಾ ಅಂತ ಬರಹದಲ್ಲಿ ಕೇಳಿ; ನಡೆಯದಿದ್ದರೆ ಕ್ರೂಸ್‌ಗೇ ಬೇರೆ ಪಾಲಿಸಿ ಮಾಡಿಸಿ. ಅವರ ವೀಸಾ ಮಲ್ಟಿಪಲ್ ಎಂಟ್ರಿ, ಅಂದರೆ ಹೊರಗೆ ಹೋಗಿ ಮತ್ತೆ ಬರೋ ಥರದ್ದು ಇರಬೇಕು. ವಾಪಸ್ ಬಂದಾಗ ಅಮೆರಿಕದಲ್ಲಿ ಇರೋಕೆ ಹೊಸದಾಗಿ ಆರು ತಿಂಗಳು ಸಿಗುತ್ತೆ ಅಂತ ಎಣಿಸಬೇಡಿ. ನಿಮ್ಮದೇ ಎಚ್-1ಬಿ (ಕೆಲಸದ ವೀಸಾ) ಸ್ಟ್ಯಾಂಪ್ ಮುಗಿದಿದ್ದರೆ ದುಡ್ಡು ಕಟ್ಟೋ ಮುಂಚೆ ವಕೀಲರನ್ನ ಕೇಳಿ.

ಪ್ರಶ್ನೆ (ಆಸ್ಟಿನ್, ಊರು ತೀರ್ಥಹಳ್ಳಿ)

ತುಂಬಾ ಉಪಕಾರ ಆಯ್ತು. ಅಮ್ಮನಿಗೆ ಆಗುಂಬೆ ಘಾಟಿ ಇಳಿಯೋಷ್ಟರಲ್ಲಿ ವಾಂತಿ ಆಗುತ್ತೆ. ಹಡಗಲ್ಲಿ ಹೇಗೆ?

ಉತ್ತರ (ಹ್ಯೂಸ್ಟನ್, ಊರು ಸಾಗರ)

ಘಾಟಿಯಷ್ಟು ಇರಲ್ಲ, ಆದರೂ ತಯಾರಿ ಬೇಕು. ಹಡಗಿನ ಎರಡೂ ಪಕ್ಕ ನೀರಿನೊಳಗೆ ರೆಕ್ಕೆ ಥರದ ಸ್ಟೆಬಿಲೈಜರ್ ಇರುತ್ತೆ, ಅದು ಅಡ್ಡ ಹೊಯ್ದಾಟವನ್ನ ತಡೆಯುತ್ತೆ. ಮುಂದೆ ಹಿಂದೆ ಏಳೋ ಬೀಳೋ ಕುಲುಕಾಟವನ್ನ ತಡೆಯಲ್ಲ. ಅದು ಎರಡು ತುದಿಗೆ ಜಾಸ್ತಿ, ನಡುವೆ ಕಮ್ಮಿ. ಮೇಲಿನ ಮಹಡಿಗೆ ಜಾಸ್ತಿ, ಕೆಳಗೆ ಕಮ್ಮಿ.  ಹಾಗಾಗಿ ಅಮ್ಮನಿಗೆ ಉದ್ದದಲ್ಲಿ ನಡುಮಧ್ಯ, ಎತ್ತರದಲ್ಲಿ ಕೆಳಗಿನ ಕ್ಯಾಬಿನ್ ಮಹಡಿ. ವಾಂತಿ ತಡೆಯೋ ಮೆಕ್ಲಿಜಿನ್ ಮಾತ್ರೆಯನ್ನ ಹಡಗು ಹೊರಡೋಕೆ ಒಂದು ಗಂಟೆ ಮುಂಚೆ ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲಲ್ಲ. ಅದು ತೂಕಡಿಕೆ ತರುತ್ತೆ, ಗ್ಲಾಕೋಮಾ (ಕಣ್ಣಿನ ಒತ್ತಡ) ಇದ್ದವರಿಗೆ, ಪ್ರಾಸ್ಟೇಟ್ ತೊಂದರೆ ಇರೋ ಗಂಡಸರಿಗೆ ಆಗದಿರಬಹುದು. ಊರಿಂದ ಹೊರಡೋ ಮುಂಚೆಯೇ ಅವರ ಡಾಕ್ಟರನ್ನ ಕೇಳಿಕೊಂಡು ಬರಲಿ. ಬುಕ್ ಮಾಡುವಾಗ 'ಗ್ಯಾರಂಟಿ' ಅಂತ ಅಗ್ಗದ ದರ ತೋರಿಸ್ತಾರೆ, ಅದರಲ್ಲಿ ಕ್ಯಾಬಿನ್ ಎಲ್ಲಿ ಅಂತ ಅವರೇ ತೀರ್ಮಾನ ಮಾಡ್ತಾರೆ, ಹಡಗಿನ ಮೂಗಿನ ತುದಿಗೂ ಹಾಕಬಹುದು. ನೂರಿನ್ನೂರು ಡಾಲರ್ ಹೆಚ್ಚಾದರೂ ಕ್ಯಾಬಿನ್ ನಂಬರ್ ನೀವೇ ಆರಿಸಿ. ನಡುಮಧ್ಯದ ಕನೆಕ್ಟಿಂಗ್ ಜೋಡಿಗಳು ಎಲ್ಲಕ್ಕಿಂತ ಮೊದಲು ಖಾಲಿ ಆಗ್ತವೆ, ಈ ವಾರವೇ ನೋಡಿ.