ಹುಳ ಅಂದರೆ ಯಾವ ಹುಳ? ಜೇನುಪೆಟ್ಟಿಗೆಯ ಕೆಲವು ಮಾತುಗಳು

ಎಲ್ಲರಿಗೂ ನಮಸ್ಕಾರ. ಒಂದು ಪದದಿಂದ ಪೇಚಿಗೆ ಸಿಕ್ಕಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಸೇಡಂ ಕಡೆ ನಮ್ಮ ಹೊಲದ ಬದುವಿನಲ್ಲಿ, ಬೇವಿನ ಗಿಡದ ನೆರಳಿಗೆ, ಎರಡು ಜೇನುಪೆಟ್ಟಿಗೆ ಇಟ್ಟಿದ್ದೇನೆ. ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನು. ಮಾರೋಕಲ್ಲ, ಸುಮ್ನೆ ಹವ್ಯಾಸ. ಭಾನುವಾರ ಕಲಬುರಗಿಯಿಂದ ಹೋಗ್ತೀನಿ. ಜೇನು ಮೇಣ ಕಟ್ಟೋಕೆ ಪೆಟ್ಟಿಗೆಯೊಳಗೆ ಇಳಿಬಿಟ್ಟ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ಫೋಟೋ ತೆಗೆದು, ಹೋದ ವಾರದ ಫೋಟೋ ಪಕ್ಕದಲ್ಲಿಟ್ಟು, ಮರಿ ಎಷ್ಟು ಹೆಚ್ಚಾಯಿತು, ತುಪ್ಪ ಎಲ್ಲಿವರೆಗೆ ಬಂತು ಅಂತ ನೋಡ್ತೀನಿ. ಬೆನ್ನಿಗೆ ಸೂರ್ಯ ಇರಬೇಕು. ಭುಜದ ಮೇಲಿಂದ ಬಿಸಿಲು ನೇರ ಮೇಣದ ಪುಟ್ಟ ಕೋಣೆಯೊಳಗೆ ಬಿದ್ದರೆ ಮಾತ್ರ ತಳದ ಮೊಟ್ಟೆ ಕಾಣುತ್ತೆ, ಇಲ್ಲಾಂದ್ರೆ ಬರೀ ಕತ್ತಲು.

ಮೊನ್ನೆ ಒಂದು ಚೌಕಟ್ಟು ಎಷ್ಟು ಚಂದ ತುಂಬಿತ್ತು ಅಂದರೆ, ಖುಷಿಯಲ್ಲಿ ಶಿರಸಿಯ ಗೆಳೆಯನಿಗೆ ಫೋಟೋ ಕಳಿಸಿದೆ. ಕೆಳಗೆ 'ನೋಡು, ಚೌಕಟ್ಟಿನ ತುಂಬ ಹುಳ ಆಗ್ಯಾವ' ಅಂತ ಬರೆದೆ. ಅವನಿಗೆ ಫೋಟೋ ತೆರೆದುಕೊಂಡಿಲ್ಲ, ಬರಹ ಮಾತ್ರ ಹೋಗಿದೆ. ತಕ್ಷಣ ಫೋನ್. 'ಮಾರಾಯಾ, ಮೊದಲು ಆ ಚೌಕಟ್ಟು ಹೊರಗೆ ತೆಗಿ, ಉಳಿದದ್ದಕ್ಕೂ ಹತ್ತುತ್ತೆ!' ಅವನು ಮೇಣದ ಪತಂಗದ ಹುಳು ಬಿದ್ದಿದೆ ಅಂದುಕೊಂಡಿದ್ದ. ಮೇಣ ತಿಂದು, ಸುರಂಗ ಕೊರೆದು, ಬಲೆ ನೇಯುತ್ತಲ್ಲ, ಅದು. ನಾನು ಹೇಳಿದ್ದು ಜೇನುಗಳ ಬಗ್ಗೆ!

ನಮ್ಮ ಕಡೆ ಜೇನುನೊಣ ಅಂತ ಮಾತಿನಲ್ಲಿ ಯಾರೂ ಅನ್ನೋದಿಲ್ಲ. ಅದು ಪುಸ್ತಕದ ಮಾತು. ನಾವು ಅನ್ನೋದು ಜೇನಹುಳ, ಸಂದರ್ಭ ಗೊತ್ತಿದ್ದರೆ ಬರೀ ಹುಳ. ಹುಳ ಕಡೀತು, ಹುಳ ಎದ್ದಾವ, ಹುಳ ಕುಂತಾವ. ಆದರೆ ಅದೇ ಹುಳ ತೊಗರಿಗೂ ಬೀಳುತ್ತೆ, ಡಬ್ಬಿಯಲ್ಲಿಟ್ಟ ಬೇಳೆಗೂ ಬೀಳುತ್ತೆ. ತೊಗರಿ ಗಿಡ ಜಾಡಿಸಿ ಹುಳ ಕೆಡವೋದನ್ನು ನೋಡಿ ಬೆಳೆದವನು ನಾನು. ಹುಳ 'ಬಿದ್ದರೆ' ಕೇಡು, 'ಕುಂತರೆ' ಜೇನು. ನಾನು ಬರೆದ 'ಆಗ್ಯಾವ' ಎರಡರ ನಡುವೆ ಸಿಕ್ಕಿಹಾಕಿಕೊಂಡಿತು.

ಇನ್ನೂ ತಮಾಷೆ ಅಂದರೆ ಸುತ್ತಮುತ್ತ ಯಾರೂ ಇದನ್ನು ಹುಳ ಅನ್ನೋದಿಲ್ಲ. ಸೇಡಂ ದಾಟಿದರೆ ತೆಲುಗಿನವರು ತೇನೆಟೀಗ ಅಂತಾರೆ, ಅದರೊಳಗಿನ ಈಗ ಅಂದರೆ ನೊಣವೇ. ಬೀದರ್ ಕಡೆಯ ಮರಾಠಿಯಲ್ಲಿ ಮಧಮಾಶಿ, ಮಾಶಿಯೂ ನೊಣ. ನಮ್ಮ ಓಣಿಯ ದಖ್ಖನಿಯಲ್ಲಿ ಶಹದ್ ಕೀ ಮಖ್ಖೀ, ಮತ್ತೆ ನೊಣ. ತಮಿಳಿನ ತೇನೀ ಕೂಡ ಹಾಗೇ. ಅಂದರೆ ಪುಸ್ತಕದ ಜೇನುನೊಣಕ್ಕೆ ದೊಡ್ಡ ಬಳಗವೇ ಇದೆ, ನಮ್ಮ ಜೇನಹುಳ ಒಂಟಿ. ಆದರೂ ನನ್ನ ಓಟು ಹುಳಕ್ಕೇ. ಹತ್ತಿರದಿಂದ ಫೋಟೋ ತೆಗೆದು ನೋಡಿ: ಮನೆಯ ನೊಣಕ್ಕೆ ರೆಕ್ಕೆ ಎರಡು, ಜೇನಿಗೆ ನಾಲ್ಕು. ಹಿಂದಿನ ರೆಕ್ಕೆ ಮುಂದಿನದಕ್ಕೆ ಸಣ್ಣ ಕೊಂಡಿಗಳಿಂದ ಸಿಕ್ಕಿಕೊಂಡಿರುತ್ತೆ, ಹಾಗಾಗಿ ಹಾರುವಾಗ ಒಂದೇ ರೆಕ್ಕೆಯ ಹಾಗೆ ಕಾಣುತ್ತೆ. ನೊಣ ಅನ್ನೋದು ಲೆಕ್ಕಕ್ಕೆ ಹೊಂದೋದಿಲ್ಲ, ಅಲ್ವಾ?

ಹುಳ ಹಳಗನ್ನಡದ ಪುೞುವಿನಿಂದ ಬಂದದ್ದು. ತಮಿಳಿನಲ್ಲಿ ಪುೞು ಅಂದರೆ ತೆವಳೋ ಹುಳು. ನಮ್ಮಲ್ಲಿ ತೆವಳೋದಕ್ಕೂ ಹಾರೋದಕ್ಕೂ ಒಂದೇ ಹೆಸರು, ಅಲ್ಲೇ ನನ್ನ ತೊಂದರೆ ಇರೋದು.

ಯಾಕೆಂದರೆ ನನ್ನ ಫೋಟೋಗಳಲ್ಲಿ ಜಾಸ್ತಿ ಇರೋದು ಮರಿ. ರಾಣಿ ಇಟ್ಟ ಮೊಟ್ಟೆ ಮೊದಲ ದಿನ ಕೋಣೆಯ ತಳದಲ್ಲಿ ಸೂಜಿ ಚುಚ್ಚಿದ ಹಾಗೆ ನೆಟ್ಟಗೆ ನಿಂತಿರುತ್ತೆ, ಆಮೇಲೆ ವಾಲುತ್ತೆ, ಮೂರನೇ ದಿನಕ್ಕೆ ಮಲಗುತ್ತೆ. ಒಡೆದು ಹೊರಬಂದದ್ದು ಬಿಳಿ ರಸದಲ್ಲಿ ಮುದುಡಿ ಬಿದ್ದಿರುತ್ತೆ. ಸುಮಾರು ಆರು ದಿನ ಬರೀ ತಿನ್ನೋದೇ ಕೆಲಸ. ಆಮೇಲೆ ಕೆಲಸಗಾರ ಹುಳಗಳು ಕೋಣೆಗೆ ಕಂದು ಮುಚ್ಚಳ ಹಾಕ್ತಾವೆ. ಮೆಲ್ಲಿಫೆರಾದಲ್ಲಿ ಮೊಟ್ಟೆಯಿಂದ ಲೆಕ್ಕ ಹಾಕಿದರೆ 21ನೇ ದಿನಕ್ಕೆ ಕೆಲಸಗಾರ ಹುಳ ಮುಚ್ಚಳ ಕಡಿದು ಆಚೆ ಬರುತ್ತೆ, ರಾಣಿಗೆ 16 ಸಾಕು, ಗಂಡಿಗೆ 24 ಬೇಕು.

ಈಗ ಆ ಮುದುಡಿದ್ದಕ್ಕೆ ಏನನ್ನಬೇಕು? ಹುಳ ಅಂದರೆ ಶಿರಸಿಯಿಂದ ಫೋನ್ ಬರುತ್ತೆ. ಮರಿ ಅಂದರೆ ಮೊಟ್ಟೆಯಿಂದ ಹಿಡಿದು ಮುಚ್ಚಳದೊಳಗಿನದರವರೆಗೆ ಎಲ್ಲಾ ಸೇರಿಬಿಡುತ್ತೆ, ಜೇನು ಸಾಕುವವರು ಹಾಗೇ ಬಳಸ್ತಾರೆ. ಮುಂದಿನ ಹಂತಕ್ಕೆ ಗೂಡು ಅನ್ನೋಣ ಅಂದರೆ ಅದು ರೇಷ್ಮೆಯವರ ಮಾತು, ಇಲ್ಲಿ ಜೇನುಗೂಡೇ ಬೇರೆ. ನಮ್ಮವ್ವ ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ನೋಡಿ, 'ಏ, ಇದು ಶ್ಯಾವಿಗಿ ಚೂರು ಇದ್ದಂಗ ಅದ' ಅಂದಳು. ಆವತ್ತಿಂದ ನನ್ನ ಡೈರಿಯಲ್ಲಿ ಅದು ಶ್ಯಾವಿಗಿ. 'ಮೂರನೇ ಚೌಕಟ್ಟು, ಎಡಕ್ಕೆ ಶ್ಯಾವಿಗಿ, ಬಲಕ್ಕೆ ಮುಚ್ಚಳ.' ನನಗೆ ಸಾಕು, ಬೇರೆಯವರಿಗೆ ತೋರಿಸೋಕೆ ಆಗೋದಿಲ್ಲ.

ಇನ್ನೊಂದು ಎರಿ. ಪುಸ್ತಕಗಳಲ್ಲಿ ಹುಳಗಳು ಕಟ್ಟುವ ಮೇಣದ ತಟ್ಟೆಗೆ ಎರಿ ಅಂತಿದೆ. ನಮ್ಮ ಕಡೆ ಎರಿ ಅಂದರೆ ಕರಿ ಭೂಮಿ, ಎರಿ ಹೊಲ. 'ಎರಿ ಹೇಗಿದೆ' ಅಂತ ಕೇಳಿದರೆ ಮಳೆ ಆಯಿತೇನು ಅನ್ನೋ ಅರ್ಥದಲ್ಲೇ ಉತ್ತರ ಬರುತ್ತೆ. ನಾವು ಹುಟ್ಟು ಅಂತೀವಿ, ಜೇನಹುಟ್ಟು. ಅದು ಮರಕ್ಕೋ ನೀರಿನ ಟ್ಯಾಂಕಿಗೋ ಹೆಜ್ಜೇನು ತಾನೇ ಕಟ್ಟಿದ್ದಕ್ಕೆ ಒಪ್ಪುತ್ತೆ. ಚೌಕಟ್ಟಿನೊಳಗೆ ಕಟ್ಟಿಸಿದ್ದಕ್ಕೂ ಹುಟ್ಟು ಅನ್ನಬಹುದಾ? ನನ್ನ ಕಿವಿಗೆ ಯಾಕೋ ಒಗ್ಗುತ್ತಿಲ್ಲ.

ಕೊನೆಯದು, ಹುಳ ಹೆಚ್ಚಾಗಿ ಹಿಂಡು ಒಡೆಯೋದಕ್ಕೆ. ಪುಸ್ತಕದಲ್ಲಿ 'ಪಾಲಾಗುವುದು' ಅಂತಿದೆ. ಪಕ್ಕದ ಹೊಲದ ಕಾಕಾ ಹಿಂಡು ಬೇವಿನ ಟೊಂಗೆಗೆ ಗಡ್ಡದ ಹಾಗೆ ಜೋತುಬಿದ್ದದ್ದು ನೋಡಿ, 'ನಿನ್ನ ಪೆಟ್ಟಗಿ ಹಿಸ್ಸಾ ಆಯ್ತಲ್ಲೋ ತಮ್ಮಾ' ಅಂದರು. ಸರ್ವೆ ನಂಬರು ಒಡೆದು ಹಿಸ್ಸಾ ನಂಬರು ಬಿದ್ದ ಹಾಗೆ! ಒಂದೇ ವ್ಯತ್ಯಾಸ. ನಮ್ಮಲ್ಲಿ ಹಿಸ್ಸಾ ಆದರೆ ಮಗ ಬೇರೆ ಮನೆ ಮಾಡ್ತಾನೆ. ಇಲ್ಲಿ ಹಳೇ ರಾಣಿಯೇ ಕಟ್ಟಿದ ಮನೆ, ತುಂಬಿದ ತುಪ್ಪ ಎಲ್ಲಾ ಮಗಳಿಗೆ ಬಿಟ್ಟು, ಒಂದಷ್ಟು ಹುಳ ಕರಕೊಂಡು ಹೊರಡ್ತಾಳೆ. ನನಗೆ ಹಿಸ್ಸಾ ಇಷ್ಟವಾಯಿತು. ಡೈರಿಯಲ್ಲಿ ಅದನ್ನೇ ಬರೆದುಕೊಂಡೆ.

ಪರಾಗಕ್ಕೆ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ. ಸೂರ್ಯಪಾನದ, ಅಂದರೆ ಸೂರ್ಯಕಾಂತಿಯ, ಹೊಲದಿಂದ ಹಿಂಗಾಲ ತುಂಬ ಹಳದಿ ಹೊತ್ತು ಬರೋವಾಗ ಅವು ಥೇಟ್ ಮೈಲಾಪುರ ಜಾತ್ರೆ ಮುಗಿಸಿ ಬಂದವರ ಹಾಗೆ ಇರ್ತಾವೆ, ಮೈಯೆಲ್ಲಾ ಭಂಡಾರ, ಅಂದರೆ ಅರಿಶಿನದ ಪುಡಿ. ನಾನು ಭಂಡಾರ ಅಂತಲೇ ಬರೀತೀನಿ.

ಬೀದರ್, ಯಾದಗಿರಿ ಕಡೆಯವರು ಇದ್ದರೆ ಮೊದಲು ನೀವೇ ಹೇಳಿ: ಆ ಶ್ಯಾವಿಗಿಗೆ, ಮುಚ್ಚಳದೊಳಗೆ ಮಲಗಿದ್ದಕ್ಕೆ, ನಿಮ್ಮ ಹಿರಿಯರು ಏನಂತಿದ್ದರು? ಹುಟ್ಟು ಬಿಡಿಸುವಾಗ ತುಪ್ಪದ ಜೊತೆ ಅದೂ ಕೈಗೆ ಬಂದೇ ಬಂದಿರುತ್ತೆ, ಏನೋ ಒಂದು ಹೆಸರು ಇರಲೇಬೇಕು.